ಶ್ರಾವಣಿಯ ರಕ್ತ ಹೇಳಿದ್ದು

ಅತ್ತೆಮ್ಮಾ,

ನಾನು, ನಿಮ್ಮ ಮಡಕಶಿರದ ಸೊಸೆ. ಊಟದ ಹೊತ್ತಾದ್ದರಿಂದ ಮನೆ ಪಕ್ಕದ ನಮ್ಮ ಶೆಡ್ಡಿನಲ್ಲಿ ಜೀನ್ಸ್ ಹೊಲಿಯುವ ಮಿಷನ್ನುಗಳು ಸುಮ್ಮನಾಗಿವೆ. ಈ ಹೊತ್ತಿಗೆ ನಾವಿಬ್ಬರೂ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಮಾತಾಡುತ್ತಿದ್ದೆವಲ್ಲ, ಆ ರೂಢಿ ನನಗಿನ್ನೂ ಬಿಟ್ಟಿಲ್ಲ. ಎದುರಿಗೆ ನೀವಿಲ್ಲ, ಅಷ್ಟೇ. ನೀವು ಹೋದ ಮೇಲೆ ಮನೆಯಲ್ಲಿ ಒಂದು ದೊಡ್ಡ ಸಂಗತಿ ನಡೆದುಹೋಯಿತು. ಅದನ್ನು ನಿಮಗೆ ಹೇಳದೆ ಇನ್ನು ಯಾರಿಗೆ ಹೇಳಲಿ? ಗಾಬರಿಯಾಗಬೇಡಿ, ನಿಮ್ಮ ಮೊಮ್ಮಗಳು ಶ್ರಾವಣಿ ಚೆನ್ನಾಗಿದ್ದಾಳೆ. ಅದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀವು ಸಮಾಧಾನವಾಗಿ ಕೇಳುತ್ತೀರಿ.

ನೆನಪಿದೆಯಾ, ಶ್ರಾವಣಿ ಚಿಕ್ಕವಳಿದ್ದಾಗ ಓಣಿಯ ಹುಡುಗರ ಜೊತೆ ಕಬಡ್ಡಿ ಆಡಿ ಮೊಣಕಾಲು ತರಚಿಕೊಂಡು ಬಂದದ್ದು? ಪಕ್ಕದ ಮನೆಯಾಕೆ ಬಂದು ಹೆಣ್ಣುಮಗಳನ್ನು ಹೀಗೆ ಬಿಡಬಾರದು ಅಂತ ನಿಮಗೆ ಬುದ್ಧಿ ಹೇಳಿದರು. ನೀವು ಎಲ್ಲ ಕೇಳಿಸಿಕೊಂಡು, ಅವರಿಗೆ ಚಹಾ ಕೊಟ್ಟು ಕಳಿಸಿದಿರಿ. ಮರುದಿನ ಬೆಳಿಗ್ಗೆ ಸೀರೆ ಬದಲಿಸಿ, ಹಣೆಗೆ ವಿಭೂತಿ ಇಟ್ಟುಕೊಂಡು, ಮೊಮ್ಮಗಳ ಕೈ ಹಿಡಿದು ನೇರವಾಗಿ ಶಾಲೆಯ ಪಿ.ಟಿ. ಸಾರ್ ಹತ್ತಿರ ಹೋದಿರಿ. “ಇಕಿನ್ನ ಆಟಕ್ಕ ಸೇರಿಸ್ಕೊಳ್ರಿ. ಓಣ್ಯಾಗ ಬಿದ್ದು ಮೈಕೈ ಮುರ್ಕೊಳ್ಳೋದ್ರಕಿಂತ ನಿಮ್ಮ ಕಣ್ಣ ಮುಂದ ಬೀಳ್ಲಿ” ಅಂದಿರಂತೆ. ಆ ಮಾತನ್ನು ಸಾರ್ ಇವತ್ತಿಗೂ ಎಲ್ಲರ ಹತ್ತಿರ ಹೇಳಿಕೊಂಡು ನಗುತ್ತಾರೆ.

ಆಮೇಲೆ ನೀವೇ ಆಟ ಕಲಿತುಬಿಟ್ಟಿರಿ. ಬೋನಸ್ ಗೆರೆ ಯಾವುದು, ರೈಡಿಗೆ ಹೋದವಳು ಎದುರಾಳಿಗಳ ಅಂಕಣದೊಳಗೆ ಎಷ್ಟು ಹೊತ್ತು ಇರಬಹುದು, ಯಾರನ್ನು ಮುಟ್ಟಿದರೆ ಏನು, ಎಲ್ಲ. ನಾನು ಅಡುಗೆಮನೆಯಿಂದ “ಇವತ್ತು ಮ್ಯಾಚ್ ಐತೆ ಅಂತೆ” ಅಂದರೆ, “ಐತೆ ಅಲ್ಲ, ಐತಿ ಅನ್ನವ್ವ. ಈ ಊರಿಗೆ ಬಂದು ಇಷ್ಟು ದಿನ ಆತು, ಇನ್ನಾ ಮಡಕಶಿರದಾಗ ಅದಿ” ಅಂತ ಕಾಡಿಸುತ್ತಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಿರಿ. ರಾಯದುರ್ಗದ ಕೋಟೆಯ ಗುಡ್ಡದ ನೆರಳು ಮೈದಾನಕ್ಕೆ ಬೀಳುವ ಹೊತ್ತಿಗೆ ನಿಮ್ಮ ದನಿ ನಮ್ಮ ಮನೆಯ ತನಕ ಕೇಳುತ್ತಿತ್ತು.

ನೀವು ತೀರಿಕೊಂಡ ದಿನ ಅವಳು ಅಳಲಿಲ್ಲ. ನಿಮ್ಮ ಮಗನಿಗೂ ನನಗೂ ಅದೇ ಚಿಂತೆಯಾಗಿತ್ತು. ಬಂದವರೆಲ್ಲ ಹೋದ ಮೇಲೆ ಒಂದು ಸಂಜೆ ಎದ್ದು ಬೂಟು ಹಾಕಿಕೊಂಡಳು. “ಎಲ್ಲಿಗೆ?” ಅಂದೆ. “ಪ್ರ್ಯಾಕ್ಟೀಸಿಗೆ” ಅಂದಳು. ತಡೆಯಲಿಲ್ಲ ನಾನು. ತಡೆದಿದ್ದರೆ ನೀವೇ ಬೈಯುತ್ತಿದ್ದಿರಿ, ಅಲ್ಲವಾ?

ಜಿಲ್ಲೆಯ ತಂಡಕ್ಕೆ ಆಯ್ಕೆ ಹತ್ತಿರ ಬಂದಿದ್ದ ದಿನಗಳವು. ಸಾರ್ ಒಂದು ಸಂಜೆ ಅಭ್ಯಾಸದ ಪಂದ್ಯ ಇಟ್ಟುಕೊಂಡಿದ್ದರು. ನಾನೂ ನೋಡಲು ಹೋಗಿದ್ದೆ. ಶ್ರಾವಣಿ ರೈಡಿಗೆ ಹೋಗಿ ಒಬ್ಬಳನ್ನು ಮುಟ್ಟಿ ತಿರುಗಿದಳು. ಅಷ್ಟರಲ್ಲಿ ಮೂರು ಜನ ಒಟ್ಟಿಗೆ ಮೇಲೆ ಬಿದ್ದರು. ಯಾರದೋ ಮೊಣಕಾಲು ಇವಳ ಕಪಾಳಕ್ಕೆ ತಗುಲಿತು, ಹಿಂದಕ್ಕೆ ಬಿದ್ದವಳ ತಲೆ ನೆಲಕ್ಕೆ ಬಡಿಯಿತು. ದೊಡ್ಡ ಸದ್ದೇನೂ ಬರಲಿಲ್ಲ. ರಕ್ತ ಇಲ್ಲ, ಗಾಯ ಇಲ್ಲ. ತಾನೇ ಎದ್ದು ಕೈ ಎತ್ತಿದಳು. ಸಾರ್ ಓಡಿ ಬಂದು ನೋಡಿ, ತೆಲುಗಿನಲ್ಲಿ “ಏಂ ಕಾಲೇದು, ಏಂ ಕಾಲೇದು” ಅಂದರು. ಏನೂ ಆಗಿಲ್ಲ ಅಂತ. ಮಕ್ಕಳು ಚಪ್ಪಾಳೆ ಹೊಡೆದರು. ಅವಳು ನಿಧಾನವಾಗಿ ಗೆರೆಯಾಚೆ ಬಂದು ನನ್ನ ಪಕ್ಕದಲ್ಲಿ ಕೂತಳು. ಅತ್ತ ಇತ್ತ ನೋಡಿದಳು.

“ಅಮ್ಮಾ, ಅಜ್ಜಿ ಎಲ್ಲದಾಳ? ಬಂದಿಲ್ಲೇನು?” ಅಂದಳು.

ಅತ್ತೆಮ್ಮಾ, ತಮಾಷೆ ಮಾಡುತ್ತಿದ್ದಾಳೇನೋ ಅಂತ ಮುಖ ನೋಡಿದೆ. ತಮಾಷೆಯಲ್ಲ. ನೀವು ಅಂಗಡಿಗೋ ಗುಡಿಗೋ ಹೋಗಿ ತಡವಾಗಿದ್ದೀರಿ ಅನ್ನುವ ಹಾಗೆ ಗೇಟಿನ ಕಡೆ ನೋಡುತ್ತಿದ್ದಳು. “ಬತ್ತಾರೆ ಕಣವ್ವ, ಇರು” ಅಂದೆ.

ಎದುರುಮನೆಯವರ ಕಾರಿನಲ್ಲಿ ಬಳ್ಳಾರಿಯ ಆಸ್ಪತ್ರೆಗೆ ಹೊರಟೆವು. ನಿಮ್ಮ ಮಗ ಮುಂದೆ ಕೂತಿದ್ದರು. ಹಿಂದೆ ನನ್ನ ಹೆಗಲ ಮೇಲೆ ತಲೆಯಿಟ್ಟು ಶ್ರಾವಣಿ. ದಾರಿಯಲ್ಲಿ ಡಿ. ಹಿರೇಹಾಳ್ ಊರು ದಾಟುವ ತನಕ ಅದೇ ಪ್ರಶ್ನೆ. ಕೇಳುತ್ತಾಳೆ, ನಾನು ಉತ್ತರ ಕೊಡುತ್ತೇನೆ, ಸುಮ್ಮನಾಗುತ್ತಾಳೆ. ಸ್ವಲ್ಪ ಹೊತ್ತಿಗೆ ಮತ್ತೆ ಮೊದಲ ಸಲ ಕೇಳುವವಳ ಹಾಗೆ, “ಅಜ್ಜಿ ಎಲ್ಲದಾಳಮ್ಮ?” ನಿಮ್ಮ ಮಗ ಹಿಂತಿರುಗಿ ನೋಡಲೇ ಇಲ್ಲ. ಕಿಟಕಿಯ ಕಡೆ ಮುಖ ಮಾಡಿ ಟವೆಲ್ಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅವರ ಪಾಲಿಗೆ ನೀವು ಇಲ್ಲ. ನನ್ನ ಪಾಲಿಗೂ ಇಲ್ಲ. ಆದರೆ ಆ ಕಾರಿನಲ್ಲಿ ಒಬ್ಬಳ ಪಾಲಿಗೆ ಮಾತ್ರ ನೀವು ಇನ್ನೂ ಬದುಕಿದ್ದಿರಿ. ನನಗೆ ಹೆದರಿಕೆಯೂ ಆಗುತ್ತಿತ್ತು, ಏನೋ ಒಂಥರಾ… ಅದನ್ನು ಹೇಗೆ ಹೇಳುವುದೋ ನನಗೆ ತಿಳಿಯದು.

ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅವಳಿಗೆ ಒಂದೊಂದಾಗಿ ಎಲ್ಲ ತಿಳಿಯಾಯಿತು. ಊರು, ದಿನ, ಸಾರ್ ಹೆಸರು. ನೀವಿಲ್ಲ ಅನ್ನುವುದೂ. ಆದರೆ ನೀವೆಲ್ಲಿ ಅಂತ ಕೇಳಿದ್ದು ಮಾತ್ರ ನೆನಪಿಲ್ಲ. ಸ್ಕ್ಯಾನ್ ಮಾಡಿದರು. ಡಾಕ್ಟರಮ್ಮ ಬಂದು, “ರಕ್ತಸ್ರಾವ ಏನೂ ಇಲ್ರಿ, ಬುರುಡಿಗೂ ಏನಾಗಿಲ್ಲ” ಅಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು ಆ ಡಾಕ್ಟರಮ್ಮ, ಬಳ್ಳಾರಿ ಕಡೆಯವರೇ. ನನ್ನ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದರು. ಆಮೇಲೆ ಒಂದು ಮಾತು ಕೇಳಿದರು. ಆಟದಲ್ಲಿ ತಲೆಗೆ ಪೆಟ್ಟಾದ ಮಕ್ಕಳ ರಕ್ತವನ್ನು ಪರೀಕ್ಷಿಸುವ ಒಂದು ಸಂಶೋಧನೆ ನಡೆಯುತ್ತಿದೆ, ಶ್ರಾವಣಿಯ ರಕ್ತ ಸ್ವಲ್ಪ ಕೊಡುತ್ತೀರಾ ಅಂತ.

“ಸ್ಕ್ಯಾನ್ ಚಲೋ ಬಂದೈತಲ್ರಿ, ಮತ್ಯಾಕ ರಕ್ತ?” ಅಂದರು ನಿಮ್ಮ ಮಗ.

“ರಕ್ತ ಸೋರಿದ್ರ, ಎಲುಬು ಸೀಳಿದ್ರ ಸ್ಕ್ಯಾನಿನ್ಯಾಗ ಕಾಣತೈತ್ರಿ” ಅಂದರು ಡಾಕ್ಟರಮ್ಮ. “ಮೆದುಳು ಜೋರಾಗಿ ಅಲುಗಾಡಿದ್ದು ಕಾಣಂಗಿಲ್ಲ. ಅದಕ್ಕ ಕನ್ಕಷನ್ ಅಂತೀವಿ. ಹಂಗ ಅಲುಗಾಡಿದಾಗ ಮೆದುಳಿನ ಜೀವಕೋಶದಾಗಿನ ಪ್ರೋಟೀನು ಒಂದೀಟು ರಕ್ತಕ್ಕ ಬರತೈತಿ. ಭಾಳ ಸಣ್ಣ ಪ್ರಮಾಣ. ಅದನ್ನ ಅಳೀಬೇಕಂದ್ರ ಪೆಟ್ಟಾದ ದಿನಾನೇ ರಕ್ತ ತಗೀಬೇಕು.”

“ಅದು ಗೊತ್ತಾದ್ರ ಔಷಧ ಐತೇನ್ರಿ?”

“ಇಲ್ರಿ. ವಿಶ್ರಾಂತಿನೇ ಔಷಧ. ಇದರಿಂದ ನಿಮ್ಮ ಮಗಳಿಗೆ ಈಗ ಲಾಭ ಆಕ್ಕೈತಿ ಅಂತ ನಾ ಹೇಳಂಗಿಲ್ಲ. ಮುಂದ ಬರೋ ಮಕ್ಕಳಿಗೆ ಆಗಬಹುದು.”

ಹೀಗೆ ಮುಚ್ಚುಮರೆಯಿಲ್ಲದೆ ಹೇಳಿದ್ದಕ್ಕೋ ಏನೋ, ನಿಮ್ಮ ಮಗ ಒಪ್ಪಿದರು. ನಾವು ಒಪ್ಪಿದರೆ ಸಾಲದಂತೆ, ಶ್ರಾವಣಿಯನ್ನೂ ಕೇಳಿದರು. ಅವಳು ತೋಳು ಮುಂದೆ ಚಾಚಿ, “ತಗೊಳ್ರಿ” ಅಂದಳು. ಆಮೇಲೆ ಅವಳು ಕೇಳಿದ್ದು ಒಂದೇ. “ಆಯ್ಕೆಗೆ ಹೋಗಬೌದಲ್ರಿ?” ಡಾಕ್ಟರಮ್ಮ ಇಲ್ಲ ಅಂತ ತಲೆಯಾಡಿಸಿದರು. ಲಕ್ಷಣಗಳೆಲ್ಲ ಹೋಗುವವರೆಗೆ ಮೈದಾನದ ಕಡೆ ಸುಳಿಯಬಾರದು, ಮತ್ತೆ ಬಂದು ತೋರಿಸಬೇಕು, ಒಂದು ಪೆಟ್ಟು ಮಾಯುವ ಮೊದಲೇ ಇನ್ನೊಂದು ಬಿದ್ದರೆ ಅಪಾಯ ಅಂತ ಬಿಡಿಸಿ ಹೇಳಿದರು.

ಮನೆಗೆ ಬಂದ ಮೇಲೆ ಏನಾಯಿತು ಗೊತ್ತಾ? ಎಲ್ಲರ ನೆನಪಿನಲ್ಲೂ ಸ್ಕ್ಯಾನ್ ಚೆನ್ನಾಗಿದೆ ಅನ್ನುವ ಮಾತೊಂದೇ ಉಳಿಯಿತು. ನೋಡಲು ಬಂದವರೆಲ್ಲ ಅವಳ ತಲೆ ಸವರಿ, “ಏನೂ ಆಗಿಲ್ಲಂತಲ್ಲ, ಶಿವನ ದಯೆ” ಅಂತ ಹೋಗುತ್ತಿದ್ದರು. ಅವಳೂ ನಗುತ್ತಿದ್ದಳು. ಹೊರಗೆ ನೋಡಿದರೆ ಮೊದಲಿನ ಹುಡುಗಿಯೇ. ಪಿ.ಟಿ. ಸಾರ್ ಹಣ್ಣು ತಂದುಕೊಟ್ಟು, ಚಹಾ ಕುಡಿದು, ಕೊನೆಗೆ ಮೆಲ್ಲಗೆ ಬಾಯಿಬಿಟ್ಟರು. “ರಿಪೋರ್ಟ್ ಚಲೋ ಐತಂತ ಕೇಳಿದೆ. ಇಂಥಾ ರೈಡರ್ ನನಗ ಮತ್ತ ಸಿಗಂಗಿಲ್ರಿ. ಆಯ್ಕೆ ದಿನ ಒಂದೆರಡು ರೈಡ್ ಮಾಡಿದ್ರ ಸಾಕು…”

ಅವರು ಕೆಟ್ಟವರಲ್ಲ, ನಿಮಗೇ ಗೊತ್ತಲ್ಲ. ನಿಮ್ಮ ಮಗ ನನ್ನ ಮುಖ ನೋಡಿದರು. ನಾನು ಶ್ರಾವಣಿಯ ಮುಖ ನೋಡಿದೆ. “ನಾ ಆಡ್ತೀನಪ್ಪ, ನನಗೇನಾಗೇತಿ?” ಅಂದಳು. ಹಾಗೆ ಅಂದವಳು ಊಟಕ್ಕೆ ಕೂತಾಗ ಕಣ್ಣು ಮುಚ್ಚಿಕೊಂಡು ತುತ್ತು ಬಾಯಿಗಿಡುತ್ತಿದ್ದಳು. ಶೆಡ್ಡಿನಲ್ಲಿ ಮಿಷನ್ನು ಶುರುವಾದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಕೇಳಿದರೆ, “ಏನಿಲ್ಲಮ್ಮ.” ಪಾಠ ಓದುತ್ತೇನೆ ಅಂತ ಪುಸ್ತಕ ಹಿಡಿದು ಕೂತರೆ ಹಾಳೆ ತಿರುಗುತ್ತಿರಲಿಲ್ಲ. “ಡಾಕ್ಟ್ರು ಹೇಳೋವರ್ಗೂ ಯಾವ ಆಯ್ಕೆನೂ ಬ್ಯಾಡ” ಅಂದೆ ನಾನು. ಅವಳು ತಟ್ಟೆ ಸರಿಸಿ ಎದ್ದು ಹೋದಳು. ಆ ದಿನಗಳಲ್ಲಿ ನೀವಿದ್ದಿದ್ದರೆ ಅವಳು ನಿಮ್ಮ ಹತ್ತಿರವಾದರೂ ನಿಜ ಹೇಳುತ್ತಿದ್ದಳಾ ಅಂತ ಎಷ್ಟು ಸಲ ಅಂದುಕೊಂಡೆನೋ.

ಎರಡನೇ ಸಲ ಬಳ್ಳಾರಿಗೆ ಹೋದದ್ದು ಆಯ್ಕೆಗೆ ಸ್ವಲ್ಪ ಮೊದಲು. ಅವಳು ದಾರಿಯುದ್ದಕ್ಕೂ ಹುಮ್ಮಸ್ಸಿನಲ್ಲಿದ್ದಳು, ಇವತ್ತು ಒಪ್ಪಿಗೆ ತೆಗೆದುಕೊಂಡೇ ಬರುವುದು ಅಂತ. ಡಾಕ್ಟರಮ್ಮ ಒಂಟಿಕಾಲಿನ ಮೇಲೆ ನಿಲ್ಲಿಸಿದರು, ಕೆಲವು ಮಾತು ಹೇಳಿ ತಿರುಗಿ ಹೇಳಿಸಿದರು, ಇನ್ನೊಮ್ಮೆ ರಕ್ತ ತೆಗೆದುಕೊಂಡರು. “ತಲಿನೋವು?” “ಇಲ್ರಿ.” “ಬೆಳಕು ನೋಡಿದ್ರ ಕಿರಿಕಿರಿ?” “ಇಲ್ರಿ.” ಎಲ್ಲದಕ್ಕೂ ಇಲ್ಲ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

“ಮೊದಲ ದಿನದ ನಿನ್ನ ರಕ್ತದ ಫಲಿತಾಂಶ ಬಂದೈತಿ ಶ್ರಾವಣಿ. ಪೆಟ್ಟು ಬೀಳದ ಮಕ್ಕಳಲ್ಲಿ ಇರೋದಕ್ಕಿಂತ ಆ ಪ್ರೋಟೀನು ನಿನ್ನ ರಕ್ತದಾಗ ಭಾಳ ಜಾಸ್ತಿ ಇತ್ತು.” ಆಮೇಲೆ ನಮ್ಮ ಕಡೆ ತಿರುಗಿ, “ಇದೊಂದನ್ನೇ ನೋಡಿ ಆಡು, ಆಡಬ್ಯಾಡ ಅಂತ ತೀರ್ಮಾನ ಮಾಡಂಗಿಲ್ರಿ. ದೊಡ್ಡವರಲ್ಲಿ ಈ ಪರೀಕ್ಷೆ ಅಲ್ಲಲ್ಲಿ ಬಳಕಿಗೆ ಬಂದೈತಿ, ಅದೂ ಸ್ಕ್ಯಾನ್ ಬೇಕೋ ಬ್ಯಾಡೋ ಅಂತ ತಿಳಿಯಾಕ. ಮಕ್ಕಳ ವಿಷಯದಾಗ ನಾವಿನ್ನೂ ಕಲಿಯಾಕತ್ತೀವಿ. ರಕ್ತ ಚಲೋ ಬಂದ್ರೂ ಕನ್ಕಷನ್ ಇರಬಹುದು. ಹಂಗಾಗಿ ಇಕಿ ಬಾಯಿಂದ ಬರೋದೇ ನನಗ ಮುಖ್ಯ” ಅಂದರು.

ಶ್ರಾವಣಿ ಅವರನ್ನೇ ನೋಡುತ್ತಿದ್ದಳು. “ಹಂಗಾದ್ರ…” ಅಂದಳು. “ಹಂಗಾದ್ರ ನನಗ ಖರೇನ ಪೆಟ್ಟಾಗಿತ್ತೇನ್ರಿ?”

“ಖರೇನ ಆಗೈತಿ.”

ನೀವು ಹೋದಾಗಲೂ ಅಳದ ಹುಡುಗಿ ಅಲ್ಲಿ ಅತ್ತಳು, ಅತ್ತೆಮ್ಮಾ. ಜೋರಾಗಿ ಅಲ್ಲ, ಸುಮ್ಮನೆ ಕಣ್ಣೀರು ಇಳಿಯುತ್ತಾ ಹೋಯಿತು. ಆಮೇಲೆ ಒಂದೊಂದೇ ಹೊರಗೆ ಬಂತು. ಪುಸ್ತಕ ಹಿಡಿದರೆ ಅಕ್ಷರಗಳು ಹರಿದಾಡುತ್ತವೆ. ಮಿಷನ್ ಸದ್ದು ತಲೆಯೊಳಗೇ ಹೊಲಿಯುವ ಹಾಗೆ ಆಗುತ್ತದೆ. ಹಿತ್ತಲಲ್ಲಿ ಯಾರಿಗೂ ಕಾಣದ ಹಾಗೆ ಓಡಿ ನೋಡಿದ್ದಳಂತೆ, ವಾಂತಿ ಬಂದಂತಾಗಿ ಗೋಡೆ ಹಿಡಿದು ನಿಂತಿದ್ದಳಂತೆ.

“ಯಾಕ ಹೇಳಲಿಲ್ಲವ್ವ?” ಅಂದರು ನಿಮ್ಮ ಮಗ. ದನಿಯಲ್ಲಿ ಸಿಟ್ಟಿರಲಿಲ್ಲ.

“ಎಲ್ಲಾರೂ ಏನಾಗಿಲ್ಲ ಅಂದ್ರಲ್ಲಪ್ಪ. ಸ್ಕ್ಯಾನಿನ್ಯಾಗೂ ಏನಿಲ್ಲ. ಇದು ನನ್ನ ಮನಸ್ಸಿನ ಹೆದರಿಕಿ, ನಾನ ಪುಕ್ಕಲಿ ಆಗೀನಿ ಅಂತ ತಿಳ್ಕೊಂಡಿದ್ದೆ.”

ಹುಡುಗಿ ಆಟದ ಆಸೆಗೆ ಮುಚ್ಚಿಡುತ್ತಿದ್ದಾಳೆ ಅಂತ ನಾನು ತಿಳಿದಿದ್ದೆ. ಅದೂ ಇತ್ತು, ಇಲ್ಲ ಅಂತಲ್ಲ. ಆದರೆ ಅವಳು ತನ್ನನ್ನೇ ನಂಬುವುದು ಬಿಟ್ಟಿದ್ದಳು ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಗಾಯ ಕಣ್ಣಿಗೆ ಕಂಡರೆ ಊರೆಲ್ಲ ಅಯ್ಯೋ ಅನ್ನುತ್ತದೆ. ಕಾಣದ ಗಾಯವನ್ನು ಮಗು ಯಾರಿಗೆ ತೋರಿಸಬೇಕು? ಆ ಒಂದು ಸಣ್ಣ ಬಾಟಲಿಯ ರಕ್ತ ಅವಳಿಗೆ ಔಷಧ ಕೊಡಲಿಲ್ಲ ನಿಜ. ನೀನು ಸುಳ್ಳಲ್ಲ ಅಂತ ಹೇಳಿತು. ನಮಗೆ ಅಷ್ಟು ಸಾಕಾಗಿತ್ತು.

ಆಯ್ಕೆಯ ದಿನ ಅವಳಿಲ್ಲದೆ ತಂಡ ಹೋಯಿತು. ಬಸ್ಸು ಹೊರಡುವಾಗ ಹೋಗಿ ಎಲ್ಲರಿಗೂ ಕೈ ಬೀಸಿ ಬಂದಳು. ಬಂದು ಮಲಗಿದಳು, ಮಧ್ಯಾಹ್ನದ ತನಕ ಏಳಲಿಲ್ಲ. ನಾನೂ ಎಬ್ಬಿಸಲಿಲ್ಲ. ಸಾರ್‌ಗೆ ನಾನೇ ಎಲ್ಲ ವಿವರಿಸಿ ಹೇಳಿದ್ದೆ. ಅವರು, “ನಿಮ್ಮತ್ತಿ ನನ್ನ ಕಣ್ಣ ಮುಂದ ಬೀಳ್ಲಿ ಅಂತ ಬಿಟ್ಟು ಹೋಗಿದ್ರು. ಬಿದ್ದಿದ್ದು ನನ್ನ ಕಣ್ಣ ಮುಂದನ. ನನಗ ಕಾಣಲಿಲ್ಲ” ಅಂದರು. ಹೆಚ್ಚು ಮಾತಿನ ಮನುಷ್ಯರಲ್ಲ ಅವರು. ಆದರೆ ಪೆಟ್ಟು ಬೀಳದ ಆಟಗಾರರ ರಕ್ತವೂ ಹೋಲಿಸಿ ನೋಡಲು ಬೇಕಂತೆ ಅಂತ ಡಾಕ್ಟರಮ್ಮ ಹೇಳಿಕಳಿಸಿದಾಗ, ತಂಡದ ಒಬ್ಬೊಬ್ಬ ಹುಡುಗಿಯ ಮನೆಗೂ ನಡೆದುಕೊಂಡು ಹೋದವರು ಅವರೇ. ಹಿಂದೆ ನಾನು. ಕೆಲವರು ಬಾಗಿಲಲ್ಲೇ ಬೇಡ ಅಂದರು. ಹುಡುಗಿ ಸೊರಗುತ್ತಾಳೆ, ಮದುವೆ ಮಾತಿಗೆ ತೊಂದರೆ, ಏನೇನೋ. ಒಪ್ಪಿದವರು ಒಪ್ಪಿದರು. ಅವರನ್ನು ಕರೆದುಕೊಂಡು ಹೋದ ದಿನ ಶ್ರಾವಣಿಯೂ ಬಂದಿದ್ದಳು, ಸೂಜಿಗೆ ಹೆದರುವವರ ಕಣ್ಣು ಮುಚ್ಚುವುದಕ್ಕೆ.

ಚೇತರಿಕೆ ನಿಧಾನಕ್ಕೆ ಆಯಿತು. ಮೊದಲು ನಡಿಗೆ, ಆಮೇಲೆ ಸಣ್ಣ ಓಟ, ಆಮೇಲೆ ಯಾರನ್ನೂ ಮುಟ್ಟದ ಅಭ್ಯಾಸ. ಒಂದು ಮೆಟ್ಟಿಲಲ್ಲಿ ತಲೆನೋವು ಬಂದರೆ ಹಿಂದಿನದಕ್ಕೆ ವಾಪಸ್ಸು. ಒಂದು ಬೆಳಿಗ್ಗೆ ನಡೆದು ಬಂದು, ನಾನು ಕಡಲೆಕಾಯಿ ಬಿಡಿಸುತ್ತಿದ್ದಲ್ಲಿ ಪಕ್ಕಕ್ಕೆ ಕೂತು, ತಾನೂ ಬಿಡಿಸುತ್ತಾ, “ಅಮ್ಮಾ, ಅವತ್ತು ಬಿದ್ದಾಗ ನಾ ಏನೇನು ಅಂದೆ?” ಅಂತ ಕೇಳಿದಳು. ಹೇಳಿದೆ. ಮುಚ್ಚಿಡಲಿಲ್ಲ. ಅವಳು ಕಾಯಿ ಬಿಡಿಸುವುದು ನಿಲ್ಲಿಸಿದಳು.

“ನೀ ಏನಂದಿ?”

“ಬತ್ತಾರೆ, ಇರು ಅಂದೆ.”

“ನೋಡಮ್ಮ, ಅಜ್ಜಿ ಹೋದ ಮ್ಯಾಲ, ಆಕಿ ಬರ್ತಾಳ ಅಂತ ನಾ ಕಾದದ್ದು ಅದೊಂದ ಹೊತ್ತು. ಅದ ನನಗ ನೆನಪಿಲ್ಲ” ಅಂದಳು. ನಾನು ಬಿಡಿಸಿದ ಬೀಜವನ್ನು ಅವಳ ಅಂಗೈಗೆ ಸುರಿದೆ, ಅತ್ತೆಮ್ಮಾ. ನೀವಾಗಿದ್ದರೆ ಏನಾದರೂ ಹೇಳುತ್ತಿದ್ದಿರಿ.

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ಶ್ರಾವಣಿ ಪೂರ್ತಿ ಆಟಕ್ಕೆ ಮರಳಿದ್ದಾಳೆ, ತಂಡಕ್ಕೆ ನಾಯಕಿಯೂ ಅವಳೇ. ಹೋದ ತಿಂಗಳು ಎಲ್ಲಿ ಆಡಿ ಬಂದಳು ಹೇಳಿ? ನನ್ನ ತವರಲ್ಲಿ, ಮಡಕಶಿರದಲ್ಲಿ. ಜಿಲ್ಲೆ ಎರಡಾದ ಮೇಲೂ ಎರಡು ಊರಿನ ಸಾರ್‌ಗಳು ಸ್ನೇಹ ಬಿಟ್ಟಿಲ್ಲ, ಸ್ನೇಹದ ಪಂದ್ಯ ಇಟ್ಟಿದ್ದರು. ಅವರ ಕಡೆ ಅಲ್ಲೇ ಪಕ್ಕದ ಗುಡಿಬಂಡೆಯ ಒಬ್ಬ ಹುಡುಗಿ, ರೇಷ್ಮೆ ಬೆಳೆಯುವವರ ಮನೆಯವಳು, ಹೆಸರು ಮಂಜುಳಾ. ಏನು ಕಾಲು, ಏನು ಚುರುಕು! ನಮ್ಮ ಕಡೆ ಇಬ್ಬರೇ ಉಳಿದಿದ್ದಾಗ ರೈಡಿಗೆ ಬಂದಳು. ಶ್ರಾವಣಿ ಹಿಮ್ಮಡಿ ಹಿಡಿದಳು. ಮಂಜುಳಾ ಬೀಳುವಾಗ ತಲೆಯ ಪಕ್ಕ ನೆಲಕ್ಕೆ ತಗುಲಿತು. ಆದರೂ ಚಿಮ್ಮಿ ಎದ್ದಳು. ಅವರ ಕಡೆಯವರು ಕೂಗಿದರು, ರೆಫರಿ ಮುಂದಿನ ಆಟಕ್ಕೆ ಸೀಟಿ ಬಾಯಿಗಿಟ್ಟರು. ಅಷ್ಟರಲ್ಲಿ ನಮ್ಮವಳು ತನ್ನ ಜಾಗ ಬಿಟ್ಟು ಹೋಗಿ ಅವಳ ಮುಂದೆ ನಿಂತಳು, ಮುಖ ನೋಡಿದಳು, ಏನೋ ಕೇಳಿದಳು. ಆಮೇಲೆ ಆಟ ನಿಲ್ಲಿಸಿ ಅಂತ ರೆಫರಿಗೆ ಕೈ ಎತ್ತಿದಳು.

“ನಂಗೇನೂ ಆಗಿಲ್ಲ, ಬಿಡೇ!” ಅಂತ ಮಂಜುಳಾ ಕೈ ಕೊಡವಿದಳು.

“ನಾನೂ ಹಂಗ ಅಂದಿದ್ದೆ” ಅಂದಳು ಶ್ರಾವಣಿ.

ಮಂಜುಳಾಳ ಅಮ್ಮ ಅಂಕಣದೊಳಗೇ ನುಗ್ಗಿ ಬಂದರು. “ನಮ್ ಹುಡ್ಗಿ ಚೆನ್ನಾಗಾಡ್ತಾಳೆ ಅಂತ ಹೊಟ್ಟೆಕಿಚ್ಚೇನೇ ನಿಂಗೆ?” ನನ್ನ ಊರಿನ ಮಾತು, ನನ್ನ ಮಗಳ ಮೇಲೆ! ನಾನು ಓಡಿ ಹೋಗಿ ಅವರ ಕೈ ಹಿಡಿದುಕೊಂಡೆ. “ನಾನೂ ಈ ಊರೋಳೇ ಕಣಕ್ಕ. ಒಂದು ಗಳಿಗೆ ನನ್ನ ಮಾತು ಕೇಳು” ಅಂತ ಬೇಲಿ ಪಕ್ಕ ಕೂರಿಸಿ ನಮ್ಮ ಕಥೆಯನ್ನೆಲ್ಲ ಹೇಳಿದೆ. ಅಷ್ಟರಲ್ಲಿ ಮಂಜುಳಾ, ಈಗ ಯಾವ ಊರಲ್ಲಿ ಆಡ್ತಾ ಇದೀವಿ ಅಂತ ಪಕ್ಕದವಳನ್ನು ಕೇಳಿದಳು. ಆ ತಾಯಿ ತಟ್ಟನೆ ಎದ್ದು ಮಗಳ ಹತ್ತಿರ ಓಡಿದರು. ಹಿಂದೂಪುರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅವಳಿಗೂ ಕನ್ಕಷನ್ನೇ, ರಕ್ತಸ್ರಾವ ಇಲ್ಲ. ಆ ಆಸ್ಪತ್ರೆಯಲ್ಲಿ ರಕ್ತದ ಪರೀಕ್ಷೆ ಇನ್ನೂ ಬಂದಿಲ್ಲವಂತೆ. ಬರುವ ತನಕ ಹುಡುಗಿಯರೇ ಒಬ್ಬರನ್ನೊಬ್ಬರು ನೋಡಿಕೊಳ್ಳಬೇಕು, ಇನ್ನೇನು?

ಮಂಜುಳಾಳ ಅಮ್ಮ ನಿನ್ನೆ ಫೋನ್ ಮಾಡಿದ್ದರು. ಅವಳ ತಲೆನೋವು, ತಲೆಸುತ್ತು ಎಲ್ಲ ಹೋಗಿ, ಡಾಕ್ಟರು ಆಡಲು ಒಪ್ಪಿಗೆ ಕೊಟ್ಟಿದ್ದಾರೆ. ಬರುವ ಭಾನುವಾರ ಅವರ ತಂಡ ನಮ್ಮೂರಿಗೇ ಬರುತ್ತಿದೆ, ನಿಂತುಹೋದ ಆ ಪಂದ್ಯ ಆಡಿ ಮುಗಿಸಲು. ತಾಯಿ ಮಗಳಿಬ್ಬರೂ ನಮ್ಮ ಮನೆಯಲ್ಲೇ ಇಳಿದುಕೊಳ್ಳುತ್ತಾರೆ. ಯಾವ ಕಡೆ ಕೂರುತ್ತಿ ಅಂತ ನಿಮ್ಮ ಮಗ ಬೆಳಿಗ್ಗೆಯಿಂದ ನನ್ನನ್ನು ಕಾಡಿಸುತ್ತಿದ್ದಾರೆ. ರಾಯದುರ್ಗದ ಕಡೆಯೇ ಕೂರುತ್ತೇನೆ, ಮಾತು ಕೊಡುತ್ತೇನೆ. ಆದರೆ ಅತ್ತೆಮ್ಮಾ, ಆ ಹುಡುಗಿ ರೈಡಿಗೆ ಬಂದು ನಮ್ಮ ಶ್ರಾವಣಿಯನ್ನೇ ಮುಟ್ಟಿ ವಾಪಸ್ಸು ಗೆರೆ ದಾಟಿದರೆ, ಒಂದೇ ಒಂದು ಸಲ ಚಪ್ಪಾಳೆ ಹೊಡೆದುಬಿಡುತ್ತೇನೆ. ಬೈಯಬೇಡಿ.

ನಿಮ್ಮ ಸೊಸೆ,
ಭಾಗ್ಯ